ನಿಮಿಷಕ್ಕೆ ಆರು ಉಸಿರು: ತಲೆ ಸುತ್ತದಂತೆ, ಎದೆ ಬಿಗಿಯದಂತೆ ಕಲಿಯುವ ಕ್ರಮ

"ಬಿಪಿ ಉಂಟು, ನಿಧಾನ ಉಸಿರಾಡಿ ಅಂತ ಡಾಕ್ಟ್ರು ಹೇಳಿದ್ರು. ಮಾಡಿ ನೋಡಿದೆ. ಎರಡೇ ನಿಮಿಷಕ್ಕೆ ತಲೆ ತಿರುಗಿತು ಮಾರಾಯ್ರೆ, ಬಿಟ್ಟುಬಿಟ್ಟೆ." ಉಡುಪಿಯಲ್ಲಿ ಬೆಳಗ್ಗೆ ಉಸಿರಾಟ ಕಲಿಯಲು ಬರುವವರಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ. ಮಂಗಳೂರಿನಿಂದ ಫೋನ್ ಮಾಡಿ ಕೇಳುವವರದ್ದೂ ಇದೇ ಮಾತು. ಕೆಲವರಿಗೆ ಬೆರಳು ಜುಮ್ ಅನ್ನುತ್ತದೆ, ಕೆಲವರಿಗೆ ಎದೆ ಬಿಗಿಯುತ್ತದೆ, ಇನ್ನು ಕೆಲವರಿಗೆ ಆಕಳಿಕೆ ಮೇಲೆ ಆಕಳಿಕೆ.

ಇಷ್ಟಕ್ಕೂ ಕಾರಣ ಹೆಚ್ಚಾಗಿ ಒಂದೇ. ನಿಧಾನ ಅಂದರೆ ದೊಡ್ಡದು ಅಂತ ತಿಳಿದುಕೊಂಡು ಎದೆ ತುಂಬಾ ಗಾಳಿ ಎಳೆಯುತ್ತಾರೆ. ಎರಡನೆಯ ತಪ್ಪು ಕ್ರಮದ್ದು. ಬಿಡುವುದನ್ನು ಕಲಿಯುವ ಮೊದಲೇ ಎಣಿಕೆಗೆ ಕೈ ಹಾಕುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದು ಕೂರುವುದಿಲ್ಲ.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿಯಿರಿ

ಉಸಿರು ತೆಗೆದುಕೊಳ್ಳುವಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ. ಬಿಡುವಾಗ ನಿಧಾನವಾಗುತ್ತದೆ. ಇದು ಆರೋಗ್ಯವಂತರೆಲ್ಲರಲ್ಲೂ ಇರುವಂಥದ್ದು, ಕಾಯಿಲೆ ಅಲ್ಲ. ಇದರ ಹಿಂದೆ ಇರುವುದು ವೇಗಸ್ ನರ. ಅದು ಮಿದುಳಿನ ಬುಡದಿಂದ ಹೊರಟು, ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಹೋಗುತ್ತದೆ. ಹೃದಯಕ್ಕೆ ಬ್ರೇಕ್ ಹಾಕುವುದು ಇದೇ ನರ. ಉಸಿರು ಒಳಗೆ ಹೋಗುವಾಗ ಅದರ ಹಿಡಿತ ಸಡಿಲಾಗುತ್ತದೆ, ಹೊರಗೆ ಬರುವಾಗ ಬಿಗಿಯಾಗುತ್ತದೆ. ಅದರ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದರೆ ಮುಂದಿನ ಒಂದೆರಡು ಬಡಿತದಲ್ಲೇ ಪರಿಣಾಮ ಕಾಣುತ್ತದೆ. ಗಡಿಬಿಡಿಯಲ್ಲಿ ಬಡಿತ ಏರಿಸುವ ಸಿಂಪಥೆಟಿಕ್ ನರಗಳು ಅಷ್ಟು ಚುರುಕಲ್ಲ, ಅವುಗಳ ಪರಿಣಾಮ ಏರಲು ಹಲವು ಸೆಕೆಂಡು ಬೇಕು. ನಾವು ಬೇಗ ಬೇಗ ಉಸಿರಾಡಿದರೆ ವೇಗಸ್‌ಗೆ ಪೂರ್ತಿ ಹಿಡಿಯಲೂ ಪುರುಸೊತ್ತಿಲ್ಲ, ಪೂರ್ತಿ ಬಿಡಲೂ ಇಲ್ಲ.

ಇನ್ನೊಂದು ಸಂಗತಿ ರಕ್ತದೊತ್ತಡದ್ದು. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲೂ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಮಿದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ. ಅಲ್ಲಿಂದ ಬಡಿತ ಇಳಿಸುವಂತೆ, ರಕ್ತನಾಳ ಸಡಿಲಿಸುವಂತೆ ಆದೇಶ ಬರುತ್ತದೆ. ಈ ಏರಿಳಿತದ ಒಂದು ಸುತ್ತಿಗೆ ಹೆಚ್ಚುಕಡಿಮೆ 10 ಸೆಕೆಂಡು. ನಿಮಿಷಕ್ಕೆ ಆರು ಉಸಿರು ಅಂದರೆ ಒಂದು ಉಸಿರಿಗೂ 10 ಸೆಕೆಂಡು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ತಳ್ಳಿಗೂ ದೊಡ್ಡ ಜೀಕು ಬರುತ್ತದಲ್ವಾ, ಇಲ್ಲಿ ಆಗುವುದೂ ಅದೇ. ಬಡಿತದ ಏರಿಳಿತ ದೊಡ್ಡದಾಗುತ್ತದೆ, ಒತ್ತಡ ತಿದ್ದುವ ಆ ವ್ಯವಸ್ಥೆ ಚುರುಕಾಗುತ್ತದೆ. ಎಲ್ಲರಿಗೂ ಸರಿಯಾಗಿ ಆರೇ ಆಗಬೇಕು ಅಂತಿಲ್ಲ. ದೊಡ್ಡವರಲ್ಲಿ ಹೆಚ್ಚಿನವರಿಗೆ ನಾಲ್ಕೂವರೆಯಿಂದ ಏಳರ ನಡುವೆ ಎಲ್ಲೋ ಒಂದು ಕಡೆ ಇದು ಸಿಗುತ್ತದೆ.

ತಲೆ ಸುತ್ತುವ ಲೆಕ್ಕ

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಸುಮ್ನೆ ಕೂತಾಗ ದೊಡ್ಡವರು ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಗಾಳಿಕೊಳವೆಯಲ್ಲೇ ಉಳಿಯುತ್ತದೆ, ರಕ್ತದವರೆಗೆ ಹೋಗುವುದಿಲ್ಲ. ನಿಮಿಷಕ್ಕೆ 15 ಉಸಿರಾದರೆ ಕೆಲಸಕ್ಕೆ ಬರುವ ಗಾಳಿ ಐದು ಲೀಟರಿಗಿಂತ ತುಸು ಹೆಚ್ಚು. ಆರೇ ಉಸಿರಿನಲ್ಲಿ ಅಷ್ಟೇ ಗಾಳಿ ಸಿಗಬೇಕಾದರೆ ಒಂದೊಂದು ಉಸಿರು ಸುಮಾರು ಒಂದು ಲೀಟರ್ ಆದರೆ ಸಾಕು. ನಮ್ಮ ಶ್ವಾಸಕೋಶ ಪೂರ್ತಿ ತುಂಬಿ ಖಾಲಿ ಮಾಡಿದರೆ ಮೂರರಿಂದ ಐದು ಲೀಟರ್. ಅಂದರೆ ಬೇಕಾದದ್ದು ಅದರಲ್ಲಿ ಸಣ್ಣ ಪಾಲು ಮಾತ್ರ.

ನೀವು ಎದೆ ತುಂಬಾ ಎಳೆದು ಎರಡು ಲೀಟರ್ ತೆಗೆದುಕೊಂಡರೆ ಗಾಳಿಯ ಓಡಾಟ ಎರಡು ಪಾಲಾಗುತ್ತದೆ. ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಕೊಚ್ಚಿಹೋಗುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರ, ಬೆರಳಲ್ಲಿ ಜುಮ್, ತುಟಿಯ ಸುತ್ತ ಮರಗಟ್ಟಿದ ಹಾಗೆ. ಎಣಿಕೆ ಸರಿ ಇದ್ದರೂ ಉಸಿರು ದೊಡ್ಡದಾದರೆ ಹೀಗಾಗುತ್ತದೆ. ಹಾಗಾಗಿ ಗಾತ್ರದ ಬಗ್ಗೆ ಯೋಚನೆಯೇ ಬೇಡ. ವೇಗ ಇಳಿದಂತೆ ದೇಹವೇ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುತ್ತದೆ.

ಮೊದಲು ಡಾಕ್ಟರನ್ನು ಕೇಳಬೇಕಾದವರು

ದಮ್ಮು, ಹಳೆಯ ಶ್ವಾಸಕೋಶದ ತೊಂದರೆ, ಹೃದಯದ ಕಾಯಿಲೆ, ಪೇಸ್‌ಮೇಕರ್, ಬಡಿತದ ಏರುಪೇರು ಇದ್ದವರು, ಬಿಪಿ ಸದಾ ಕಮ್ಮಿ ಇರುವವರು, ಆಗಾಗ ಕಣ್ಣು ಕತ್ತಲಾಗಿ ಬೀಳುವವರು, ಗರ್ಭಿಣಿಯರು. ಇವರಲ್ಲಿ ಹಲವರು ಮಾಡಬಹುದು. ಆದರೆ ನಿಮ್ಮನ್ನು ನೋಡುತ್ತಿರುವ ಡಾಕ್ಟರಿಗೆ ತಿಳಿಸಿಯೇ ಶುರು ಮಾಡಿ. ಪ್ಯಾನಿಕ್ ಬರುವವರಲ್ಲಿ ಕೆಲವರಿಗೆ ಉಸಿರಿನ ಮೇಲೆ ಗಮನ ಇಟ್ಟ ತಕ್ಷಣ ಹೆದರಿಕೆ ಹೆಚ್ಚಾಗುತ್ತದೆ. ಅವರು ಕಣ್ಣು ತೆರೆದು, ಯಾರಾದರೂ ಪಕ್ಕದಲ್ಲಿದ್ದಾಗ, ಒಂದು ನಿಮಿಷದಿಂದ ಶುರು ಮಾಡಲಿ.

ಬೇಕಾಗುವ ಸಾಮಾನು

ಬೆನ್ನು ಆನಿಸಲು ಬರುವ ಗಟ್ಟಿ ಕುರ್ಚಿ. ಟಿಕ್ ಟಿಕ್ ಸದ್ದು ಮಾಡುವ ಗೋಡೆ ಗಡಿಯಾರ, ಇಲ್ಲದಿದ್ದರೆ ಮೊಬೈಲಿನಲ್ಲಿ ನಿಮಿಷಕ್ಕೆ 60ಕ್ಕೆ ಇಟ್ಟ ಮೆಟ್ರೊನೋಮ್ ಆಪ್. ಬಿಪಿ ಇದ್ದವರಿಗೆ ತೋಳಿಗೆ ಕಟ್ಟುವ ಮಿಷನ್, ಜೊತೆಗೆ ಒಂದು ನೋಟ್‌ಬುಕ್. ಮಣಿಕಟ್ಟಿನ ಮಿಷನ್‌ನಲ್ಲಿ ಕೈ ತುಸು ಮೇಲೆ ಕೆಳಗಾದರೂ ಅಂಕಿ ಬದಲಾಗುತ್ತದೆ, ತೋಳಿನದ್ದೇ ಒಳ್ಳೆಯದು.

ಹಂತ 1: ಜಾಗ ಮತ್ತು ಹೊತ್ತು

ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ಸೆಕೆಗೆ ಸುಮ್ನೆ ಕೂತರೂ ಬಡಿತ ಏರಿರುತ್ತದೆ. ಆಗ ಬಿಸಿಲು ಏರುವ ಮುಂಚೆ ಮಾಡಿ. ಫ್ಯಾನ್ ಇರಲಿ, ಗಾಳಿ ನೇರ ಮುಖಕ್ಕೆ ಹೊಡೆಯುವುದು ಬೇಡ. ಸೊಳ್ಳೆ ಬತ್ತಿ, ಊದುಬತ್ತಿ ಹಚ್ಚಿದ ಕೋಣೆ ಬೇಡವೇ ಬೇಡ. ಮಳೆಗಾಲದಲ್ಲಿ ಗೋಡೆ ಬೂಸ್ಟು ಹಿಡಿದ ಕೋಣೆಯೂ ಬೇಡ, ದಮ್ಮು ಇದ್ದವರಿಗೆ ಅದು ಕೆಣಕಿದ ಹಾಗೆ. ಚಾವಡಿ ಒಳ್ಳೆಯ ಜಾಗ.

ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡು ಎದ್ದ ಕೂಡಲೇ ಕೂರಬೇಡಿ. ಹೊಟ್ಟೆ ತುಂಬಿದ್ದರೆ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಿಗೆ, ಕೆಳಗಿಳಿಯಲು ಜಾಗ ಇರುವುದಿಲ್ಲ. ಊಟವಾಗಿ ಎರಡು ಗಂಟೆ ಬಿಡಿ, ಚಾ ಕಾಫಿ ಆಗಿ ಅರ್ಧ ಗಂಟೆ. ಮಲ್ಪೆ, ಪಣಂಬೂರು ಕಡೆ ವಾಕಿಂಗ್ ಹೋಗಿ ಅಲ್ಲೇ ಮಾಡುವವರಿದ್ದಾರೆ. ಮಾಡಿ, ಆದರೆ ನಡೆದು ನಿಂತ ತಕ್ಷಣ ಅಲ್ಲ. ಹತ್ತು ನಿಮಿಷ ಕೂತು, ಏದುಸಿರು ಇಳಿದ ಮೇಲೆ. ಸಮುದ್ರದ ಅಲೆಗೆ ಸರಿಯಾಗಿ ಉಸಿರಾಡಲು ಹೋಗಬೇಡಿ. ಒಂದು ಅಲೆ ಬೇಗ ಬರುತ್ತದೆ, ಇನ್ನೊಂದು ತಡ. ನಿಮ್ಮ ಎಣಿಕೆ ಕೆಡುತ್ತದೆ.

ಕೂರುವಾಗ ಎರಡೂ ಪಾದ ನೆಲಕ್ಕೆ, ಬೆನ್ನು ಕುರ್ಚಿಗೆ, ಭುಜ ಸಡಿಲ. ಲುಂಗಿ, ಪ್ಯಾಂಟ್, ಸೀರೆ ಏನೇ ಇರಲಿ, ಸೊಂಟದ ಬಿಗಿ ಸಡಿಲಿಸಿ.

ಹಂತ 2: ಏನೂ ಬದಲಿಸದೆ ಎಣಿಸಿ

ನಿಮ್ಮ ಈಗಿನ ಉಸಿರು ನಿಮಿಷಕ್ಕೆ ಎಷ್ಟು ಅಂತ ತಿಳಿಯದೆ ಇಳಿಸಲು ಹೊರಡಬೇಡಿ. ನೀವೇ ಎಣಿಸಿದರೆ ಗಮನ ಹೋದ ಕೂಡಲೇ ವೇಗ ಬದಲಾಗುತ್ತದೆ. ಪೇಪರ್ ಓದುತ್ತಾ ಕೂತಾಗ ಮನೆಯವರಿಗೆ ನಿಮ್ಮ ಹೊಟ್ಟೆಯೋ ಎದೆಯೋ ನೋಡಿ ಒಂದು ನಿಮಿಷ ಎಣಿಸಲು ಹೇಳಿ, ಯಾವಾಗ ಅಂತ ನಿಮಗೆ ತಿಳಿಸದೆ. 12ರಿಂದ 20ರ ಒಳಗೆ ಇರುವುದು ಸಾಮಾನ್ಯ. ಆರಾಮಾಗಿ ಕೂತಾಗಲೂ ಪದೇ ಪದೇ 20 ದಾಟಿದರೆ ಅಭ್ಯಾಸ ಬದಿಗಿಡಿ, ಮೊದಲು ತೋರಿಸಿ. ಜ್ವರ, ರಕ್ತ ಕಮ್ಮಿ ಇರುವುದು, ಶ್ವಾಸಕೋಶದ ತೊಂದರೆ ಯಾವುದರಿಂದಲೂ ಹಾಗಾಗಬಹುದು.

ಹಂತ 3: ಹೊಟ್ಟೆಯ ಮೇಲೆ ಒಂದು ಕೈ, ಎದೆಯ ಮೇಲೆ ಇನ್ನೊಂದು

ಮೂಗಿನಲ್ಲೇ ಉಸಿರಾಡಿ. ಮೂಗಿನ ದಾರಿ ಕಿರಿದು, ಅದೇ ಉಸಿರನ್ನು ತಾನಾಗಿ ತಡೆದು ನಿಧಾನ ಮಾಡುತ್ತದೆ. ಹೊಕ್ಕುಳಿನ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚುಕಡಿಮೆ ಸುಮ್ಮನಿರಬೇಕು. ಹೊಟ್ಟೆಯನ್ನು ಬೇಕಂತಲೇ ಮುಂದೆ ದೂಡುವುದು ಇನ್ನೊಂದು ತಪ್ಪು. ಸ್ನಾಯು ಬಿಗಿಯಾಗುತ್ತದೆಯೇ ಹೊರತು ವಪೆ ಇಳಿಯುವುದಿಲ್ಲ. ಕೂತು ಬರದಿದ್ದರೆ ಮೊಣಕಾಲು ಮಡಚಿ ಅಂಗಾತ ಮಲಗಿ. ಮಲಗಿದಾಗ ಬಹಳ ಜನರಿಗೆ ಮೊದಲ ದಿನವೇ ಬರುತ್ತದೆ. ಬಂದ ಮೇಲೆ ಕೂತು ಮಾಡಿ.

ನೆಗಡಿಯಿಂದ ಮೂಗು ಕಟ್ಟಿದ ದಿನ ಹಟ ಬೇಡ. ಆ ದಿನ ಬಿಡಿ.

ಹಂತ 4: ಬಿಡುವುದನ್ನು ಮೊದಲು ಕಲಿಯಿರಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಹೆಚ್ಚಿನವರು ಅದನ್ನೇ ಹಾರಿಸುತ್ತಾರೆ.

ತೆಗೆದುಕೊಳ್ಳುವ ಉಸಿರಿನ ಬಗ್ಗೆ ಏನೂ ಮಾಡಬೇಡಿ, ಅದು ತಾನಾಗಿ ಬರಲಿ. ಬಿಡುವಾಗ ಮಾತ್ರ ಸ್ವಲ್ಪ ಉದ್ದ ಮಾಡಿ. ಒತ್ತಿ ಹೊರಗೆ ತಳ್ಳುವುದಲ್ಲ, ತಾನಾಗಿ ಇಳಿಯಲು ಬಿಡುವುದು. ಕೊನೆಯ ತೊಟ್ಟಿನವರೆಗೂ ಖಾಲಿ ಮಾಡಲು ಹೋದರೆ ಹೊಟ್ಟೆ ಬಿಗಿಯುತ್ತದೆ, ಆಮೇಲಿನ ಉಸಿರು ದಡಬಡ ಅಂತ ನುಗ್ಗುತ್ತದೆ. ಹಾಗೆ ನುಗ್ಗಿದರೆ ನೀವು ಜಾಸ್ತಿ ಎಳೆದಿದ್ದೀರಿ ಅಂತಲೇ ಅರ್ಥ. ಮುಂದಿನದನ್ನು ಮೊಟಕು ಮಾಡಿ.

ಉದ್ದ ಬರದಿದ್ದರೆ ಬಾಯಿ ಮುಚ್ಚಿ "ಮ್ಮ್" ಅಂತ ಮೆಲ್ಲಗೆ ಗುನುಗಿ. ಭ್ರಾಮರಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಗುನುಗುವಾಗ ಗಾಳಿ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ, ನೀವು ಲೆಕ್ಕ ಇಡಬೇಕಾಗಿಲ್ಲ. ದಿನಕ್ಕೆ ಐದು ನಿಮಿಷದಂತೆ ಒಂದು ವಾರ ಇಷ್ಟನ್ನೇ ಮಾಡಿ.

ಹಂತ 5: ಎಣಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ

ಈಗ ಗಡಿಯಾರ ಹತ್ತಿರ ಇಡಿ. ಒಂದು ಟಿಕ್‌ಗೆ ಒಂದು ಎಣಿಕೆ.

ಮೊದಲು 2 ಎಣಿಕೆ ತೆಗೆದುಕೊಂಡು 3 ಎಣಿಕೆ ಬಿಡಿ. ನಿಮಿಷಕ್ಕೆ 12 ಆಯಿತು. ಆಮೇಲೆ 3 ಮತ್ತು 4, ಅಂದರೆ ಎಂಟೂವರೆಯ ಆಸುಪಾಸು. ಆಮೇಲೆ 3 ಮತ್ತು 5, ಏಳೂವರೆ. ಕೊನೆಗೆ 4 ಮತ್ತು 6. ಅಲ್ಲಿಗೆ ನಿಮಿಷಕ್ಕೆ ಆರು. ನಡುವೆ ಉಸಿರು ಹಿಡಿದು ನಿಲ್ಲಿಸುವುದಿಲ್ಲ. ಹಾಗೆ ಹಿಡಿಯುವ ಕುಂಭಕ ಬೇರೆ ಅಭ್ಯಾಸ, ಹೃದಯದ ತೊಂದರೆ, ಬಿಪಿ ಇದ್ದವರು ತಾವೇ ಅದಕ್ಕೆ ಕೈ ಹಾಕಬಾರದು. ಕಪಾಲಭಾತಿ ಇದಕ್ಕೆ ತೀರಾ ಉಲ್ಟಾ, ಅದು ವೇಗದ್ದು. ಎರಡನ್ನೂ ಒಟ್ಟಿಗೆ ಮಾಡಿ "ಪ್ರಾಣಾಯಾಮ ಮಾಡಿದೆ, ಬಿಪಿ ಇಳಿಯಲಿಲ್ಲ" ಅನ್ನುವವರು ಬಹಳ.

ಒಂದೊಂದು ಮೆಟ್ಟಿಲಲ್ಲಿ ನಾಲ್ಕೈದು ದಿನ ನಿಲ್ಲಿ. ಮುಂದಿನದಕ್ಕೆ ಹೋಗಬಹುದೇ ಅಂತ ತಿಳಿಯುವುದು ಸುಲಭ: ಹತ್ತು ನಿಮಿಷ ಮುಗಿದಾಗ ಆಕಳಿಕೆ ಇಲ್ಲ, ನಿಟ್ಟುಸಿರು ಇಲ್ಲ, ಗಾಳಿ ಸಾಲದು ಅನ್ನುವ ಆಸೆ ಇಲ್ಲ. ಮೂರರಲ್ಲಿ ಒಂದು ಇದ್ದರೂ ಅಲ್ಲೇ ಇರಿ, ಇಲ್ಲವೇ ಒಂದು ಮೆಟ್ಟಿಲು ಹಿಂದೆ ಬನ್ನಿ. 3 ಮತ್ತು 5ರಲ್ಲೇ ಆರಾಮಾಗಿದ್ದರೆ ಅಲ್ಲೇ ಉಳಿಯುವುದರಿಂದ ನಷ್ಟ ಏನೂ ಇಲ್ಲ. ಹತ್ತಕ್ಕಿಂತ ಕೆಳಗೆ ಬಂದರೆ ಬಹುಪಾಲು ಕೆಲಸ ಆದಂತೆಯೇ.

ತಲೆ ಹಗುರಾದರೆ ಎಣಿಕೆ ಬದಲಿಸಬೇಡಿ. ಅದೇ ಎಣಿಕೆಯಲ್ಲಿ ಉಸಿರನ್ನು ಚಿಕ್ಕದು ಮಾಡಿ, ಮೂಗಿನ ಹತ್ತಿರ ಬೆರಳಿಟ್ಟರೂ ಗಾಳಿ ತಾಗಿತೋ ಇಲ್ಲವೋ ಅನ್ನುವಷ್ಟು. ಒಂದು ನಿಮಿಷದಲ್ಲಿ ಸರಿಹೋಗದಿದ್ದರೆ ನಿಲ್ಲಿಸಿ, ಎಂದಿನಂತೆ ಉಸಿರಾಡಿ.

ಹಂತ 6: ನಾಡಿ ಹಿಡಿದು ನೋಡಿ

ಆರಕ್ಕೆ ಇಳಿದ ಮೇಲೆ ಒಂದು ದಿನ ಇದನ್ನು ಮಾಡಲೇಬೇಕು. ಎಡಗೈಯ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿಯುವಲ್ಲಿ, ಎಲುಬಿನ ಪಕ್ಕದ ಸಣ್ಣ ತಗ್ಗಿನಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಇಡಿ. ಒತ್ತಬೇಡಿ. ಉಸಿರು ಒಳಗೆ ಹೋಗುವಾಗ ಬಡಿತಗಳು ಹತ್ತಿರ ಹತ್ತಿರ ಬರುತ್ತವೆ. ಬಿಡುವ ಉಸಿರಿನ ನಡುವಿಗೆ ಬಂದಾಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಹೆಚ್ಚಾಗುತ್ತದೆ, ಮುಂದಿನದು ಬರುವುದೇ ತಡವಾಯಿತೇನೋ ಅನ್ನುವಷ್ಟು. ವೇಗಸ್ ನರದ ಕೆಲಸ ನಿಮ್ಮ ಬೆರಳ ತುದಿಗೇ ತಾಗುತ್ತದೆ.

ಕೊರೊನಾ ಕಾಲದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೆರಳಿಗೆ ಸಿಕ್ಕಿಸಿ ನೋಡಬಹುದು. ಆದರೆ ಅದು ಕೆಲವು ಬಡಿತಗಳ ಸರಾಸರಿ ತೋರಿಸುವುದರಿಂದ ಅಂಕಿ ತಡವಾಗಿ ಬದಲಾಗುತ್ತದೆ. ಬೆರಳೇ ಮೇಲು.

ವಯಸ್ಸಾದಂತೆ ಈ ಏರಿಳಿತ ಕಮ್ಮಿಯಾಗುವುದು ಸಹಜ. ಎಪ್ಪತ್ತರ ಅಜ್ಜನಿಗೆ ಮೊಮ್ಮಗನಷ್ಟು ಗೊತ್ತಾಗದಿದ್ದರೆ ಚಿಂತೆ ಬೇಡ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದವರ ಮಾತು ಬೇರೆ. ಹೃದಯದ ನರಗಳಿಗೆ ಪೆಟ್ಟಾಗಿದೆಯೇ ಅಂತ ತಿಳಿಯಲು ಡಾಕ್ಟರುಗಳು ಮಾಡುವ ಒಂದು ಪರೀಕ್ಷೆಯೂ ಇದೇ: ನಿಮಿಷಕ್ಕೆ ಆರರಂತೆ ಉಸಿರಾಡಿಸುತ್ತಾ ಇಸಿಜಿ ತೆಗೆಯುತ್ತಾರೆ. ಬಡಿತದ ಏರಿಳಿತ ನಿಮಿಷಕ್ಕೆ 15 ಬಡಿತ ಅಥವಾ ಹೆಚ್ಚು ಇದ್ದರೆ ಸರಿ, 10 ಅಥವಾ ಕಮ್ಮಿ ಇದ್ದರೆ ತೊಂದರೆ ಇರಬಹುದು ಅಂತ ಲೆಕ್ಕ. ಇದನ್ನೂ ವಯಸ್ಸು ನೋಡಿಯೇ ಹೇಳಬೇಕು. ನಿಮಗೆ ಏರಿಳಿತವೇ ಗೊತ್ತಾಗದಿದ್ದರೆ, ಎದ್ದು ನಿಂತಾಗ ತಲೆಯೂ ತಿರುಗುತ್ತಿದ್ದರೆ, ಶುಗರ್ ನೋಡುವ ಡಾಕ್ಟರಿಗೆ ಹೇಳಿ.

ಇನ್ನೊಂದು ಗಮನಿಸಿ. ಬಡಿತ ಉಸಿರಿನ ಜೊತೆ ಏರಿ ಇಳಿದರೆ ಒಳ್ಳೆಯದು. ಉಸಿರಿಗೂ ಅದಕ್ಕೂ ಸಂಬಂಧವೇ ಇಲ್ಲದೆ ಅಡ್ಡಾದಿಡ್ಡಿ ಬರುತ್ತಿದ್ದರೆ, ಒಂದು ಗಟ್ಟಿ, ಎರಡು ಮೆಲ್ಲಗೆ, ನಡುವೆ ಒಂದು ಕಾಣೆ ಅನ್ನುವ ಹಾಗಿದ್ದರೆ ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಹೀಗೆ ಕೈಗೆ ಸಿಗುವುದುಂಟು. ಅದರಿಂದ ಪಾರ್ಶ್ವವಾಯು ಬರುವ ಅಪಾಯ ಇದೆ, ಮದ್ದೂ ಇದೆ.

ಹಂತ 7: ದಿನಕ್ಕೆ ಎಷ್ಟು, ಎಷ್ಟು ಕಾಲ

ಬಡಿತದ ಏರಿಳಿತ ಕೂತ ಒಂದೆರಡು ನಿಮಿಷದಲ್ಲೇ ಶುರುವಾಗುತ್ತದೆ. ಬಿಪಿಯ ಮಾತು ಹಾಗಲ್ಲ. ದಿನಕ್ಕೆ 10ರಿಂದ 15 ನಿಮಿಷ, ವಾರದ ಹೆಚ್ಚಿನ ದಿನ, ಕನಿಷ್ಠ ಎರಡು ತಿಂಗಳು ಮಾಡಿ ನೋಡಿ. ಇಳಿದರೂ ಮೇಲಿನ ಅಂಕಿಯಲ್ಲಿ ಕೆಲವೇ ಪಾಯಿಂಟ್. ಉಪ್ಪು ಕಮ್ಮಿ ಮಾಡುವುದು, ನಡೆಯುವುದು, ಮಾತ್ರೆ, ಇವುಗಳ ಜೊತೆಗೆ ಸೇರಿದಾಗ ಅದಕ್ಕೂ ಬೆಲೆ ಇದೆ. ಇದೊಂದೇ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎಣಿಸುವುದು ಬೇಜಾರು ಅನ್ನುವವರಿಗೆ ದಾರಿ ಮನೆಯಲ್ಲೇ ಉಂಟು. 2001ರಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ದಿ ಮತ್ತು ಜೊತೆಗಾರರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಟಿನ್ ಭಾಷೆಯಲ್ಲಿ ಜಪಮಾಲೆ ಪ್ರಾರ್ಥನೆ ಹೇಳಿದಾಗಲೂ, "ಓಂ ಮಣಿ ಪದ್ಮೇ ಹುಂ" ಮಂತ್ರ ಹೇಳಿದಾಗಲೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಇಳಿಯಿತು, ಒತ್ತಡ ತಿದ್ದುವ ವ್ಯವಸ್ಥೆ ಚುರುಕಾಯಿತು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸಂಜೆ ಜಪಮಾಲೆ ಹೇಳುವವರಿಗೆ, ಭಜನೆಗೆ ಕೂರುವವರಿಗೆ ಇದು ಹತ್ತಿರದ ಸಂಗತಿ. ಒಂದು ಸಾಲನ್ನು ಒಂದೇ ಉಸಿರಿನಲ್ಲಿ, ಅವಸರ ಮಾಡದೆ ಹೇಳಿ, ಸಾಲಿನ ಕೊನೆಯಲ್ಲಿ ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಒಂದು ಸಲ ಗಡಿಯಾರ ಇಟ್ಟು ನೋಡಿ. ಒಂದು ಸಾಲು, ಒಂದು ಉಸಿರು ಸೇರಿ 10 ಸೆಕೆಂಡಿನ ಆಸುಪಾಸು ಬಂದರೆ ಅದೇ ನಿಮ್ಮ ಅಭ್ಯಾಸ.

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಅಲ್ಲೂ ಮಾಡಬಹುದು. ಸ್ಕೂಟರ್, ಕಾರು ಓಡಿಸುತ್ತಾ ಮಾತ್ರ ಮಾಡಬೇಡಿ, ಮಂಪರು ಬರುತ್ತದೆ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಎದೆ ನಡುವೆ ಭಾರ ಅಥವಾ ಹಿಂಡಿದ ಹಾಗೆ ನೋವು, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು, ಒಂದು ಬದಿ ಕೈಕಾಲು ಸೋಲುವುದು, ಮಾತು ತೊದಲುವುದು. ಇವು ಬಂದಾಗ ಉಸಿರಾಟದಿಂದ ಸರಿಮಾಡಿಕೊಳ್ಳಲು ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ನೀರು ಕುಡಿದು ಕಾಯುವವರು ನಮ್ಮಲ್ಲಿ ಬಹಳ. ದಯವಿಟ್ಟು ಕಾಯಬೇಡಿ.

ಕಣ್ಣು ಕತ್ತಲಾದರೆ ಮಲಗಿ, ಕಾಲು ದಿಂಬಿನ ಮೇಲಿಡಿ. ಮತ್ತೆ ಮತ್ತೆ ಹಾಗಾದರೆ ಅಭ್ಯಾಸ ನಿಲ್ಲಿಸಿ ತೋರಿಸಿ.

ಬಿಪಿ ನೋಟ್‌ಬುಕ್ ಇಡುವ ರೀತಿ

ಉಸಿರಾಟ ಮುಗಿದ ಕೂಡಲೇ ಬಿಪಿ ನೋಡಿ "ಇಳಿಯಿತು" ಅಂತ ಖುಷಿಪಡುವುದು ಎಲ್ಲರೂ ಮಾಡುವ ತಪ್ಪು. ಆಗ ಇಳಿದೇ ಇರುತ್ತದೆ, ಅದು ಆ ಹೊತ್ತಿನ ಅಂಕಿ. ಬೆಳಗ್ಗೆ ಮೂತ್ರ ಮಾಡಿ ಬಂದು, ಚಾ ಕುಡಿಯುವ ಮುಂಚೆ, ಮಾತ್ರೆಗೂ ಅಭ್ಯಾಸಕ್ಕೂ ಮುಂಚೆ ನೋಡಿ. ಐದು ನಿಮಿಷ ಸುಮ್ನೆ ಕೂತಿರಬೇಕು. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ. ಕಾಲ ಮೇಲೆ ಕಾಲು ಬೇಡ, ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಅಭ್ಯಾಸ ಶುರು ಮಾಡುವ ಮುಂಚಿನ ಒಂದು ವಾರದ ಸರಾಸರಿ, ಎರಡು ತಿಂಗಳ ನಂತರದ ಒಂದು ವಾರದ ಸರಾಸರಿ, ಹೋಲಿಸಬೇಕಾದದ್ದು ಇವೆರಡನ್ನು.

ಅಂಕಿ ಇಳಿಯಿತು ಅಂತ ಮಾತ್ರೆ ಅರ್ಧ ಮಾಡಬೇಡಿ, ದಿನ ಬಿಟ್ಟು ದಿನ ತೆಗೆದುಕೊಳ್ಳಬೇಡಿ. ಮೇಲಿನ ಅಂಕಿ 110ಕ್ಕಿಂತ ಕೆಳಗೆ ಬರುತ್ತಾ, ಎದ್ದು ನಿಂತಾಗ ತಲೆ ತಿರುಗುತ್ತಿದ್ದರೆ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಎಷ್ಟು ಅಂತ ಅವರೇ ಹೇಳಲಿ. 180/120 ದಾಟಿದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಆಗಲೂ ಅಷ್ಟೇ ಇದ್ದರೆ ಮರುದಿನಕ್ಕೆ ಮುಂದೂಡದೆ ಅಂದೇ ತೋರಿಸಿ.